ಅದೇ ರಕ್ತ, ಅದೇ ಪರೀಕ್ಷೆ, ಅದೇ ಉತ್ತರ: ಇನ್ನೆಷ್ಟು ವರ್ಷ?

ಇವರಿಗೆ:
ರಾಜ್ಯದ ವೈದ್ಯಕೀಯ ಕಾಲೇಜುಗಳ ಬಯೋಕೆಮಿಸ್ಟ್ರಿ ವಿಭಾಗದ ಮುಖ್ಯಸ್ಥರು, ಪಿಜಿ ಗೈಡ್‌ಗಳು ಹಾಗೂ ಎಥಿಕ್ಸ್ ಕಮಿಟಿಗಳ ಸದಸ್ಯರು

ಮಾನ್ಯರೇ,

ಹೊಸ ಪಿಜಿ ಬ್ಯಾಚ್ ಸೇರಿ ನಾಲ್ಕಾರು ತಿಂಗಳಾಗುತ್ತಿದ್ದಂತೆ ನಿಮ್ಮ ಮೇಜಿನ ಮೇಲೆ ಸಿನಾಪ್ಸಿಸ್‌ಗಳ, ಅಂದರೆ ಥೀಸಿಸ್ ಯೋಜನೆಗಳ, ರಾಶಿ ಬೀಳುತ್ತದೆ. ಅದರಲ್ಲೊಂದು ಹೆಚ್ಚುಕಡಿಮೆ ಹೀಗಿರುತ್ತದೆ: ‘ಬಾಯಿ ಕ್ಯಾನ್ಸರ್ ರೋಗಿಗಳಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ ಮತ್ತು ಲಿಪಿಡ್ ಪ್ರೊಫೈಲ್’. ಬಾಯಿ ಇದ್ದಲ್ಲಿ ಮರುವರ್ಷ ಸ್ತನ ಬರುತ್ತದೆ, ಅದರ ಮರುವರ್ಷ ಗರ್ಭಕಂಠ. ಇಷ್ಟು ಜನ ರೋಗಿಗಳು, ಅಷ್ಟೇ ಜನ ಆರೋಗ್ಯವಂತರು, ತಲಾ ಐದು ಎಂಎಲ್ ರಕ್ತ. ಬೈಂಡ್ ಆಗಿ ಬರುವ ಥೀಸಿಸ್‌ನ ಕೊನೆಯ ಅಧ್ಯಾಯವನ್ನು ನಾನು ಈಗಲೇ ಬರೆದುಕೊಡಬಲ್ಲೆ: ಎಂಡಿಎ ಏರಿದೆ, ಆ್ಯಂಟಿಆಕ್ಸಿಡೆಂಟ್‌ಗಳು ಇಳಿದಿವೆ, ಕೊಲೆಸ್ಟರಾಲ್ ಇಳಿದಿದೆ, ಪಿ ವ್ಯಾಲ್ಯೂ 0.05ಕ್ಕಿಂತ ಕಡಿಮೆ (ಅಂದರೆ ವ್ಯತ್ಯಾಸ ಬರೀ ಆಕಸ್ಮಿಕವಲ್ಲ ಎಂಬ ಲೆಕ್ಕ), ‘ಈ ಕುರಿತು ಹೆಚ್ಚಿನ ಅಧ್ಯಯನ ಅಗತ್ಯ’.

ನಾನು ಕ್ಯಾನ್ಸರ್ ವಾರ್ಡ್ ಇರುವ ಆಸ್ಪತ್ರೆಯೊಂದರ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಆ ಐದು ಎಂಎಲ್ ಬಂದು ತಲುಪುವುದು ನಮ್ಮ ಬೆಂಚಿಗೆ. ಕೋರಿಕೆ ಒಂದೇ: ಈ ಮಾದರಿಯ ಸಿನಾಪ್ಸಿಸ್ ಮುಂದಿನ ಸಭೆಗೆ ಬಂದರೆ ಸಹಿ ಹಾಕಬೇಡಿ. ವಾಪಸ್ ಕಳಿಸಿ, ರೋಗಿಯ ಚಿಕಿತ್ಸೆಗೆ ಏನಾದರೂ ನೆರವಾಗುವ ಪ್ರಶ್ನೆ ತರಲು ಹೇಳಿ.

ಇದನ್ನು ಓದುವವರೆಲ್ಲ ಲ್ಯಾಬಿನವರಲ್ಲ, ಅವರಿಗಾಗಿ ಎರಡು ಮಾತು. ಉಸಿರಾಡಿದ ಆಮ್ಲಜನಕ ಜೀವಕೋಶದೊಳಗೆ ಬಳಕೆಯಾಗುವಾಗ ಅದರ ಸಣ್ಣದೊಂದು ಪಾಲು ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ನಂಥ ಚುರುಕು ಅಣುಗಳಾಗಿ ಮಾರ್ಪಡುತ್ತದೆ. ಅವುಗಳಿಗೆ ಕಡಿವಾಣ ಹಾಕುವ ವಸ್ತುಗಳೇ ಆ್ಯಂಟಿಆಕ್ಸಿಡೆಂಟ್‌ಗಳು; ಆ ಕೆಲಸದ ಕಿಣ್ವಗಳು ದೇಹದಲ್ಲೇ ಇವೆ. ಮುಖ್ಯವಾದದ್ದು ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್, ಅದರ ಕೆಲಸವನ್ನು 1969ರಲ್ಲಿ ತೋರಿಸಿಕೊಟ್ಟವರು ಮೆಕಾರ್ಡ್ ಮತ್ತು ಫ್ರಿಡೋವಿಚ್. ಈ ಅಣುಗಳು ಹುಟ್ಟುವುದು ಹೆಚ್ಚಾಗಿ, ತಡೆಯುವುದು ಕಡಿಮೆಯಾದ ಸ್ಥಿತಿಯೇ ಆಕ್ಸಿಡೇಟಿವ್ ಸ್ಟ್ರೆಸ್. 1985ರಲ್ಲಿ ಜರ್ಮನಿಯ ಹೆಲ್ಮುಟ್ ಸೀಸ್ ಈ ಪರಿಕಲ್ಪನೆಗೆ ಒಂದು ರೂಪ ಕೊಟ್ಟರು. ಈ ಅಣುಗಳು ಜೀವಕೋಶದ ಪೊರೆಯಲ್ಲಿರುವ ಕೊಬ್ಬನ್ನು ಕೆಡಿಸಿದಾಗ ಉಳಿಯುವ ಚೂರುಗಳಲ್ಲೊಂದು ಮ್ಯಾಲೋನ್‌ಡೈಆಲ್ಡಿಹೈಡ್. ನಾವು ಎಂಡಿಎ ಎನ್ನುವುದು ಇದನ್ನೇ.

ಇನ್ನು ಲಿಪಿಡ್ ಪ್ರೊಫೈಲ್, ಅಂದರೆ ರಕ್ತದಲ್ಲಿನ ಕೊಬ್ಬಿನ ಪರೀಕ್ಷೆ. ಅದರಲ್ಲಿ ಮುಖ್ಯವಾದದ್ದು ಕೊಲೆಸ್ಟರಾಲ್. ಎಲ್‌ಡಿಎಲ್ ಎಂದರೆ ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತೊಯ್ಯುವ ಕಣ; ಅದನ್ನು ಜೀವಕೋಶದೊಳಗೆ ಸೆಳೆಯುವ ರಿಸೆಪ್ಟರ್ ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ ನೊಬೆಲ್ ಬಂದದ್ದೂ 1985ರಲ್ಲೇ. ಅದೇ ವರ್ಷ ಸ್ವೀಡನ್ನಿನ ಸಂಶೋಧಕರು ರಕ್ತ ಕ್ಯಾನ್ಸರ್ ರೋಗಿಗಳಲ್ಲಿ ಕೊಲೆಸ್ಟರಾಲ್ ಯಾಕೆ ಇಳಿಯುತ್ತದೆ ಎಂಬುದಕ್ಕೆ ಕಾರಣ ಕೊಟ್ಟರು. ಒಂದೇ ಸಮನೆ ಹೆಚ್ಚುವ ಕೋಶಗಳಿಗೆ ಹೊಸ ಪೊರೆ ಕಟ್ಟಲು ಕೊಲೆಸ್ಟರಾಲ್ ಬೇಕು. ಅವು ತಮ್ಮ ಮೈಮೇಲಿನ ರಿಸೆಪ್ಟರ್‌ಗಳಿಂದ ಎಲ್‌ಡಿಎಲ್ ಅನ್ನು ರಕ್ತದಿಂದ ಎಳೆದುಕೊಳ್ಳುತ್ತವೆ. ಚಿಕಿತ್ಸೆ ಫಲ ಕೊಟ್ಟು ಆ ಕೋಶಗಳು ನಾಶವಾದಾಗ ಕೊಲೆಸ್ಟರಾಲ್ ಮತ್ತೆ ಏರುತ್ತದೆ. ಈಗಿನ ನಮ್ಮ ಪಿಜಿಗಳು ಹುಟ್ಟುವ ಮೊದಲೇ ಈ ಮಾತು ಮುಗಿದಿತ್ತು. ಆದರೂ ಗಾಣದ ಎತ್ತಿನ ಹಾಗೆ ಅದೇ ಸುತ್ತು ಸುತ್ತುತ್ತಿದ್ದೇವೆ.

ಗೊತ್ತಿರುವುದನ್ನು ಮತ್ತೆ ಪರೀಕ್ಷಿಸುವುದು ತಪ್ಪಲ್ಲ, ವಿಜ್ಞಾನ ಬೆಳೆಯುವುದೇ ಹಾಗೆ ಎಂದು ನೀವು ಹೇಳಬಹುದು. ಸರಿ. ಹಾಗಾದರೆ ನಮ್ಮ ಬೆಂಚಿನಲ್ಲಿ ಆಗುವುದೇನು ಎಂದು ಒಮ್ಮೆ ನೋಡಿ. ಸೀರಮ್‌ಗೆ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಟ್ಟ ತಿಳಿಗೆ) ಟಿಸಿಎ ಎಂಬ ಆ್ಯಸಿಡ್ ಹಾಕಿ ಪ್ರೋಟೀನನ್ನು ಕೆಳಗಿಳಿಸುತ್ತೇವೆ. ಥಯೋಬಾರ್ಬಿಟ್ಯೂರಿಕ್ ಆ್ಯಸಿಡ್ ಸೇರಿಸಿ ಟ್ಯೂಬನ್ನು ಕುದಿಯುವ ವಾಟರ್‌ಬಾತ್‌ನಲ್ಲಿ ಇಡುತ್ತೇವೆ. ಆರಿದ ಮೇಲೆ ಗುಲಾಬಿ ಬಣ್ಣ ಎಷ್ಟು ಗಾಢವಾಗಿದೆ ಎಂದು 532 ನ್ಯಾನೋಮೀಟರ್‌ನಲ್ಲಿ ಓದುತ್ತೇವೆ. ಅಗ್ಗದ ಪರೀಕ್ಷೆ, ಯಾವ ಕಾಲೇಜಿನಲ್ಲೂ ಮಾಡಬಹುದು, ಅದಕ್ಕೇ ಇಷ್ಟು ಜನಪ್ರಿಯ. ಆದರೆ ಥಯೋಬಾರ್ಬಿಟ್ಯೂರಿಕ್ ಆ್ಯಸಿಡ್‌ಗೆ ಎಂಡಿಎ ಒಂದರ ಜೊತೆಗೇ ಸ್ನೇಹ ಎಂದೇನಿಲ್ಲ. ಬೇರೆ ಆಲ್ಡಿಹೈಡ್‌ಗಳು, ಕೆಲವು ಸಕ್ಕರೆಗಳು, ಬಿಲಿರುಬಿನ್, ಎಲ್ಲವೂ ಆ ಬಣ್ಣದಲ್ಲಿ ತಮ್ಮ ಪಾಲು ಹಾಕುತ್ತವೆ. ಸೊರಗಿದ ರೋಗಿಗೆ ನರ ಸಿಗದೆ ಎರಡು ಮೂರು ಕಡೆ ಚುಚ್ಚಿ, ಸಣ್ಣ ಸೂಜಿಯಿಂದ ಜೋರಾಗಿ ಎಳೆದ ರಕ್ತ ಹೀಮೊಲೈಸ್ ಆಗಿ, ಅಂದರೆ ಕೆಂಪು ಕಣಗಳು ಒಡೆದು, ಬರುತ್ತದೆ; ಸೀರಮ್ ಆಗಲೇ ಕೆಂಪು. ಅದರಲ್ಲಿ ಎಂಡಿಎ ಹೆಚ್ಚು ಬಂದರೆ ಅದಕ್ಕೆ ಕಾರಣ ಕ್ಯಾನ್ಸರೋ ಸೂಜಿಯೋ?

ಸ್ಯಾಂಪಲ್ ಇಡುವ ಕಥೆಯೂ ಇದೆ. ಕಿಟ್ ಬರುವುದು ತಡ, ಒಂದು ಕಿಟ್ ಒಡೆದರೆ ಎಲ್ಲ ಟ್ಯೂಬ್ ಒಟ್ಟಿಗೆ ಹಾಕಬೇಕು. ಹೀಗಾಗಿ ರೋಗಿಗಳ ಸೀರಮ್ ಮೈನಸ್ 20ರ ಫ್ರೀಜರ್‌ನಲ್ಲಿ ತಿಂಗಳುಗಟ್ಟಲೆ ಕಾಯುತ್ತದೆ. ಆ ಚಳಿಯಲ್ಲೂ ಕೊಬ್ಬು ಆಕ್ಸಿಡೈಸ್ ಆಗುವುದು ನಿಲ್ಲುವುದಿಲ್ಲ, ಮೈನಸ್ 80 ಬೇಕು. ಕರೆಂಟ್ ಹೋಗಿಬರುವುದು ಬೇರೆ. ಕಂಟ್ರೋಲ್, ಅಂದರೆ ಹೋಲಿಕೆಗೆ ತೆಗೆದ ಆರೋಗ್ಯವಂತರ, ಸ್ಯಾಂಪಲ್‌ಗಳು ಮಾತ್ರ ಕೊನೆಯ ವಾರದಲ್ಲಿ, ಥೀಸಿಸ್ ಸಲ್ಲಿಸುವ ಅವಸರದಲ್ಲಿ, ತಾಜಾ ತಾಜಾ ಬರುತ್ತವೆ. ನಿಜಕ್ಕೂ ದೇಹದೊಳಗಿನ ಆಕ್ಸಿಡೇಶನ್ ಅಳೆಯಬೇಕೆಂದರೆ ಕೊಬ್ಬು ಕೆಟ್ಟಾಗ ಹುಟ್ಟುವ ಎಫ್2-ಐಸೊಪ್ರೊಸ್ಟೇನ್‌ಗಳಿವೆ. 1990ರಿಂದ ಗೊತ್ತಿರುವ ಸಂಗತಿ. ಅದಕ್ಕೆ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು, ದುಡ್ಡು ಬೇಕು, ಒಪ್ಪುತ್ತೇನೆ. ದುಡ್ಡಿಲ್ಲದಿದ್ದರೆ ಬೇರೆ ಪ್ರಶ್ನೆ ಕೇಳೋಣ. ಅರ್ಥವಾಗದ ಬಣ್ಣ ಅಳೆಯುವುದು ಯಾಕೆ?

ಆ ಕಂಟ್ರೋಲ್‌ಗಳು ಯಾರು ಎಂದು ಕೇಳಿದ್ದೀರಾ? ಹೆಚ್ಚಾಗಿ ಕಾಲೇಜಿನ ಸಿಬ್ಬಂದಿ, ಬ್ಲಡ್ ಬ್ಯಾಂಕಿಗೆ ಬಂದ ದಾನಿಗಳು, ರೋಗಿಯ ಜೊತೆ ಬಂದ ಮಗ. ‘ಏಜ್ ಮ್ಯಾಚ್ಡ್’ ಎಂದು ಬರೆದಿರುತ್ತದೆ. ಅತ್ತ ಕೇಸ್ ಎಂದರೆ ಚಿಕ್ಕಂದಿನಿಂದ ಎಲೆ, ಅಡಿಕೆ, ಸುಣ್ಣ, ತಂಬಾಕು ಜಗಿದವರು, ಅಥವಾ ಗುಟ್ಕಾ ಕೆನ್ನೆಯಲ್ಲಿಟ್ಟು ಮಲಗುವವರು. ಅಡಿಕೆಯನ್ನು ಅತಿ ಹೆಚ್ಚು ಬೆಳೆಯುವ ರಾಜ್ಯ ನಮ್ಮದು, ಮಾತು ಹಲವರಿಗೆ ಹಿಡಿಸಲಿಕ್ಕಿಲ್ಲ, ಆದರೂ ಹೇಳಬೇಕು. ಅಡಿಕೆಗೆ ಸುಣ್ಣ ಬೆರೆತಾಗ ಬಾಯಿಯ ರಸ ಕ್ಷಾರೀಯವಾಗುತ್ತದೆ. ಆ ಹದದಲ್ಲಿ ಅಡಿಕೆಯ ಪಾಲಿಫಿನಾಲ್‌ಗಳು ತಾವಾಗಿಯೇ ಆಕ್ಸಿಡೈಸ್ ಆಗಿ ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತವೆ. ಅಡಿಕೆಯಲ್ಲಿರುವ ತಾಮ್ರ, ಕಬ್ಬಿಣ ಆ ಕೆಲಸವನ್ನು ಇನ್ನಷ್ಟು ಚುರುಕುಗೊಳಿಸುತ್ತವೆ. ತಂಬಾಕಿಲ್ಲದ ಎಲೆಅಡಿಕೆಯನ್ನೂ, ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಇದರ ಅರ್ಥ ಇಷ್ಟು: ಗಡ್ಡೆ ಮೂಡುವ ಎಷ್ಟೋ ವರ್ಷ ಮೊದಲೇ ಆ ಬಾಯಿ ಆಕ್ಸಿಡೇಟಿವ್ ಸ್ಟ್ರೆಸ್‌ನಲ್ಲಿತ್ತು. ಅಷ್ಟೇ ವರ್ಷ ಜಗಿದೂ ಕ್ಯಾನ್ಸರ್ ಬಾರದವರನ್ನು ಪಕ್ಕದಲ್ಲಿ ನಿಲ್ಲಿಸದೆ, ಜಗಿಯದ ಕ್ಲರ್ಕಿಗೆ ಹೋಲಿಸಿದರೆ ನೀವು ಅಳೆದದ್ದು ಚಟವನ್ನು. ಅದರ ಮೇಲೆ ಕ್ಯಾನ್ಸರ್ ಎಂಬ ಲೇಬಲ್ ಅಂಟಿಸಿದ್ದೀರಿ.

ಕೊಲೆಸ್ಟರಾಲ್ ಇಳಿಕೆಗಂತೂ ಇನ್ನೂ ಸರಳ ಕಾರಣವಿದೆ. ವಾರ್ಡಿಗೆ ಹೋಗಿ ನೋಡಿ. ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುವ ರೋಗಿಗಳಿದ್ದಾರೆ. ಖಾರ ಮುಟ್ಟಿದರೆ ಉರಿ, ರೊಟ್ಟಿ ಮುರಿದು ಒಳಗಿಡಲು ಆಗುವುದಿಲ್ಲ, ಆಸ್ಪತ್ರೆಗೆ ಬರುವ ಮೊದಲೇ ತಿಂಗಳುಗಳಿಂದ ಗಂಜಿ, ಮಜ್ಜಿಗೆ, ನೆನೆಸಿದ ಬ್ರೆಡ್ಡು. ಹೆಂಡತಿ ರಾಗಿ ಅಂಬಲಿಯನ್ನು ಸೋಸಿ ಸ್ಟ್ರಾದಲ್ಲಿ ಕುಡಿಸುತ್ತಾಳೆ. ಅವರ ಒಟ್ಟು ಕೊಲೆಸ್ಟರಾಲ್ 110 ಬಂದಿದೆ ಎಂದರೆ ಅದರಲ್ಲಿ ಗಡ್ಡೆಯ ಪಾಲೆಷ್ಟು, ಹಸಿವಿನ ಪಾಲೆಷ್ಟು ಎಂದು ಒಂದೇ ಒಂದು ಸ್ಯಾಂಪಲ್‌ನಿಂದ ಬಿಡಿಸಿ ಹೇಳಲು ಸಾಧ್ಯವಿಲ್ಲ. ಅವರ ತೂಕ, ಕಳೆದ ಆರು ತಿಂಗಳಲ್ಲಿ ಇಳಿದ ತೂಕ, ತಿನ್ನುತ್ತಿರುವುದು ಏನು, ಇದ್ಯಾವುದೂ ಥೀಸಿಸ್‌ನ ಮಾಸ್ಟರ್ ಚಾರ್ಟ್‌ನಲ್ಲಿ (ಎಲ್ಲ ರೋಗಿಗಳ ಅಂಕಿಅಂಶದ ಪಟ್ಟಿಯಲ್ಲಿ) ಇರುವುದಿಲ್ಲ. ವಯಸ್ಸು, ಲಿಂಗ, ನಂತರ ನೇರ ಟಿಸಿ (ಒಟ್ಟು ಕೊಲೆಸ್ಟರಾಲ್), ಟಿಜಿ (ಟ್ರೈಗ್ಲಿಸರೈಡ್), ಎಚ್‌ಡಿಎಲ್.

ಇಷ್ಟೇ ಆಗಿದ್ದರೆ ಕಾಗದ ವ್ಯರ್ಥ ಎಂದು ಸುಮ್ಮನಿರಬಹುದಿತ್ತು. ಆದರೆ ಈ ಫಲಿತಾಂಶಗಳು ಲೈಬ್ರರಿಯ ಕಪಾಟಿನಲ್ಲಿ ಕೂತಿರುವುದಿಲ್ಲ. ‘ಕ್ಯಾನ್ಸರ್ ರೋಗಿಗಳಲ್ಲಿ ಆ್ಯಂಟಿಆಕ್ಸಿಡೆಂಟ್ ಕಡಿಮೆ’ ಎಂಬ ವಾಕ್ಯ ಹೊರಗೆ ಕಾಲಿಟ್ಟ ಕೂಡಲೇ ಸರಕಾಗುತ್ತದೆ. ರಿಪೋರ್ಟ್ ಕೌಂಟರಿಗೆ ಒಬ್ಬ ತಾಯಿಯ ಮಗ ಬಂದು ಮೊಬೈಲ್ ಚಾಚಿದ. ವಾಟ್ಸಾಪ್‌ನಲ್ಲಿ ಬಂದ ಚಿತ್ರ, ಅದರಲ್ಲಿ ಯಾವುದೋ ಅಧ್ಯಯನದ ಬಾರ್ ಗ್ರಾಫ್, ಕೆಳಗೆ ಡಬ್ಬದ ಫೋಟೊ.

‘ಮೇಡಂ, ಅಮ್ಮನಿಗೆ ಈ ಆ್ಯಂಟಿಆಕ್ಸಿಡೆಂಟ್ ಟೆಸ್ಟ್ ಇಲ್ಲಿ ಮಾಡ್ತೀರಾ? ನಮ್ಮೂರಿನವರೊಬ್ಬರು ಪೌಡರ್ ಕೊಡ್ತಾರೆ, ಕಡಿಮೆ ಇದ್ರೆ ಡಬಲ್ ಡೋಸ್ ಅಂದ್ರು.’

‘ಡಾಕ್ಟ್ರಿಗೆ ಹೇಳಿದ್ದೀರಾ?’

‘ಇಲ್ಲ ಮೇಡಂ. ಬೈತಾರೆ ಅಂತ.’

ಅಮ್ಮನಿಗೆ ರೇಡಿಯೇಶನ್ ನಡೆಯುತ್ತಿತ್ತು. ನಮ್ಮ ಕಡೆಯ ಜನ ‘ಕರೆಂಟ್ ಕೊಡೋದು’ ಎನ್ನುವ ಆ ಚಿಕಿತ್ಸೆ ಕೆಲಸ ಮಾಡುವ ಬಗೆ ಆ ಮಗನಿಗೆ ಯಾರೂ ಹೇಳಿರಲಿಲ್ಲ. ಎಕ್ಸ್‌ರೇ ಜೀವಕೋಶದೊಳಗಿನ ನೀರನ್ನು ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ. ಡಿಎನ್‌ಎಗೆ ಆಗುವ ಪೆಟ್ಟಿನಲ್ಲಿ ಸುಮಾರು ಮೂರನೇ ಎರಡು ಪಾಲು ಬರುವುದು ಈ ದಾರಿಯಲ್ಲಿ. ಅಂದರೆ ಯಾವ ಆಕ್ಸಿಡೇಟಿವ್ ಸ್ಟ್ರೆಸ್ಸನ್ನು ನಮ್ಮ ಥೀಸಿಸ್‌ಗಳು ಶತ್ರು ಎನ್ನುತ್ತವೆಯೋ ಅದನ್ನೇ ಬೇಕೆಂದೇ ಗಡ್ಡೆಯೊಳಗೆ ಎಬ್ಬಿಸುವುದು ಆ ಚಿಕಿತ್ಸೆ. ಡಾಕ್ಸೊರುಬಿಸಿನ್, ಸಿಸ್ಪ್ಲಾಟಿನ್‌ನಂಥ ಕೀಮೋ ಔಷಧಿಗಳೂ ಒಂದು ಮಟ್ಟಿಗೆ ಇದೇ ಹಾದಿ ಹಿಡಿಯುತ್ತವೆ.

ಕಡಿಮೆ ಇದ್ದರೆ ತುಂಬಿಸಿದರಾಯಿತು ಎಂಬ ಲೆಕ್ಕ ಸರಿ ಎಂದೇ ಜಗತ್ತು ನಂಬಿತ್ತು, ಪರೀಕ್ಷೆಯನ್ನೂ ಮಾಡಿತು. ಫಿನ್‌ಲ್ಯಾಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರಿಗೆ ಬೀಟಾ ಕ್ಯಾರೋಟಿನ್, ವಿಟಮಿನ್ ಇ ಕೊಟ್ಟು ವರ್ಷಗಟ್ಟಲೆ ಕಾದರು. 1994ರಲ್ಲಿ ಬಂದ ಫಲಿತಾಂಶ: ಬೀಟಾ ಕ್ಯಾರೋಟಿನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18 ಪ್ರತಿಶತ ಹೆಚ್ಚು. ಅಮೆರಿಕದಲ್ಲಿ 18,314 ಜನರ ಮೇಲೆ ನಡೆಯುತ್ತಿದ್ದ ಇನ್ನೊಂದು ಪ್ರಯೋಗವನ್ನು 1996ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಅಲ್ಲಿ ಏರಿಕೆ 28 ಪ್ರತಿಶತ. ಪ್ರಾಸ್ಟೇಟ್ ಕ್ಯಾನ್ಸರ್ ತಡೆಯಬಹುದೆಂದು 35,533 ಗಂಡಸರ ಮೇಲೆ ಸೆಲೀನಿಯಂ ಮತ್ತು ವಿಟಮಿನ್ ಇ ಪರೀಕ್ಷಿಸಿದರು. 2011ರ ಲೆಕ್ಕದಲ್ಲಿ ವಿಟಮಿನ್ ಇ ಒಂದನ್ನೇ ತೆಗೆದುಕೊಂಡವರಿಗೆ ಆ ಕ್ಯಾನ್ಸರ್ 17 ಪ್ರತಿಶತ ಹೆಚ್ಚಾಗಿಯೇ ಬಂದಿತ್ತು.

ಇವೆಲ್ಲ ಕ್ಯಾನ್ಸರ್ ಇಲ್ಲದವರ ಮೇಲಿನ ಪ್ರಯೋಗಗಳು ಎನ್ನುವಿರಿ. ರೋಗಿಗಳ ಮೇಲೂ ಒಂದಿದೆ, ಅದೂ ನಮ್ಮ ವಾರ್ಡಿಗೆ ತೀರ ಹತ್ತಿರದ್ದು. ಕೆನಡಾದ ಕ್ವಿಬೆಕ್‌ನಲ್ಲಿ ತಲೆ ಮತ್ತು ಕುತ್ತಿಗೆ ಕ್ಯಾನ್ಸರ್‌ಗೆ ರೇಡಿಯೇಶನ್ ಪಡೆಯುತ್ತಿದ್ದ 540 ಜನರಲ್ಲಿ ಅರ್ಧದಷ್ಟು ಮಂದಿಗೆ ವಿಟಮಿನ್ ಇ, ಶುರುವಿನಲ್ಲಿ ಬೀಟಾ ಕ್ಯಾರೋಟಿನ್ ಕೂಡ, ಉಳಿದವರಿಗೆ ಡಮ್ಮಿ ಮಾತ್ರೆ. ಎರಡನ್ನೂ ತೆಗೆದುಕೊಂಡವರಲ್ಲಿ ರೇಡಿಯೇಶನ್‌ನ ಅಡ್ಡಪರಿಣಾಮ ಸ್ವಲ್ಪ ಕಡಿಮೆಯಾಯಿತು, ಅದನ್ನು ಮುಚ್ಚಿಡಬಾರದು. ಆದರೆ 2005, 2006ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮಾತ್ರೆ ತಿನ್ನುವ ಅವಧಿಯಲ್ಲಿ ಎರಡನೇ ಕ್ಯಾನ್ಸರ್ ಕಾಣಿಸಿಕೊಂಡದ್ದು ಆ ಗುಂಪಿನಲ್ಲೇ ಹೆಚ್ಚು, ಸಾವೂ ಹೆಚ್ಚು. ಆಮೇಲಿನ ವಿಶ್ಲೇಷಣೆಯಲ್ಲಿ, ರೇಡಿಯೇಶನ್ ನಡೆಯುವಾಗಲೂ ಸಿಗರೇಟು ಬಿಡದವರಿಗೇ ಮುಖ್ಯವಾಗಿ ಕೇಡಾಗಿತ್ತು ಎಂದು ಗೊತ್ತಾಯಿತು. ನಮ್ಮ ರೋಗಿಗಳಲ್ಲಿ ಬೀಡಿ, ತಂಬಾಕು ಪೂರ್ತಿ ಬಿಟ್ಟವರೆಷ್ಟು ಜನ ಎಂದು ವಾರ್ಡಿನ ಸಿಸ್ಟರನ್ನು ಕೇಳಿ.

ಹಣ್ಣು ತರಕಾರಿ ತಿನ್ನಬೇಡಿ ಎಂದು ಯಾರೂ ಹೇಳುತ್ತಿಲ್ಲ. ನೆಲ್ಲಿಕಾಯಿ ತೊಕ್ಕು ಬೇರೆ, ಅಳತೆ ಮೀರಿದ ಮಾತ್ರೆ ಬೇರೆ. ನನ್ನ ತಕರಾರು ಇಷ್ಟು: ಥೀಸಿಸ್‌ನ ಕೊನೆಯ ಪುಟದಲ್ಲಿ ‘ಆದ್ದರಿಂದ ಆ್ಯಂಟಿಆಕ್ಸಿಡೆಂಟ್ ಪೂರಕಗಳು ಉಪಯುಕ್ತವಾಗಬಹುದು’ ಎಂದು ಬರೆಯುವ ಅಭ್ಯಾಸವಿದೆಯಲ್ಲ, ಅದು ಡೇಟಾದಿಂದ ಬಂದದ್ದಲ್ಲ, ಹಿಂದಿನ ಬ್ಯಾಚಿನ ಥೀಸಿಸ್‌ನಿಂದ ಬಂದದ್ದು. ಅಂಥ ವಾಕ್ಯಕ್ಕೆ ನಿಮ್ಮ ಸಹಿ, ಕಾಲೇಜಿನ ಸೀಲು ಬೀಳುತ್ತದೆ. ಪೌಡರ್ ಮಾರುವವನಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೆ?

ಹಾಗಾದರೆ ಏನು ಕೇಳಬೇಕು? ಲಿಪಿಡ್ ಪ್ರೊಫೈಲ್‌ನಿಂದಲೇ ಶುರು ಮಾಡೋಣ. 2005ರಲ್ಲಿ ಸ್ಪೇನಿನ ವೈದ್ಯರು ಕೋನಟ್ ಎಂಬ ಸ್ಕೋರ್ ರೂಪಿಸಿದರು. ಬೇಕಾದದ್ದು ಮೂರೇ ಸಂಖ್ಯೆ: ಆಲ್ಬುಮಿನ್, ಲಿಂಫೊಸೈಟ್ ಎಣಿಕೆ, ಒಟ್ಟು ಕೊಲೆಸ್ಟರಾಲ್. ಕೊಲೆಸ್ಟರಾಲ್ 180ರ ಮೇಲಿದ್ದರೆ ಚಿಂತೆಯಿಲ್ಲ, 140ಕ್ಕಿಂತ ಕೆಳಗಿಳಿದರೆ ಎಚ್ಚರ, 100ಕ್ಕಿಂತ ಕೆಳಗೆ ಹೋದರೆ ರೋಗಿಯ ಪೋಷಣೆ ತೀರ ಹದಗೆಟ್ಟಿದೆ ಎಂಬ ಸುಳಿವು. ಈ ಮೂರೂ ಪರೀಕ್ಷೆ ದಾಖಲಾದ ಹೆಚ್ಚಿನ ಕ್ಯಾನ್ಸರ್ ರೋಗಿಗಳಿಗೆ ಹೇಗೂ ಆಗುತ್ತವೆ, ನಮ್ಮ ಕಂಪ್ಯೂಟರಿನಲ್ಲಿ ಬಿದ್ದಿರುತ್ತವೆ. ಹೊಸದಾಗಿ ಒಂದು ಹನಿ ರಕ್ತವೂ ಬೇಡ. ಸರ್ಜರಿಗೆ ಮೊದಲು ಸ್ಕೋರ್ ಕೆಟ್ಟದಾಗಿದ್ದವರಿಗೆ ಗಾಯ ಒಣಗಲು ಎಷ್ಟು ದಿನ ಹಿಡಿಯಿತು, ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬಿನಲ್ಲಿ ಆಹಾರ ಬೇಗ ಶುರು ಮಾಡಿದವರು ರೇಡಿಯೇಶನ್ ಮಧ್ಯೆ ಬಿಟ್ಟುಹೋದದ್ದು ಕಡಿಮೆಯಾಯಿತೇ? ಇಂಥ ಪ್ರಶ್ನೆಗೆ ಉತ್ತರ ಸಿಕ್ಕರೆ ಡಯಟೀಷಿಯನ್ ಅದೇ ವಾರ ಬಳಸಬಹುದು. ಈಗ ಆಗುತ್ತಿರುವುದು ಇದಕ್ಕೆ ತದ್ವಿರುದ್ಧ. ರಿಪೋರ್ಟಿನಲ್ಲಿ ಕೊಲೆಸ್ಟರಾಲ್ 105 ನೋಡಿ ಮನೆಯವರು ‘ಸದ್ಯ, ಕೊಬ್ಬಿಲ್ಲ’ ಎಂದು ಖುಷಿಪಡುತ್ತಾರೆ. ಕಡಿಮೆ ಇರುವುದಕ್ಕೆ ನಮ್ಮ ರಿಪೋರ್ಟಿನಲ್ಲಿ ಕೆಂಪು ಗುರುತೂ ಬೀಳುವುದಿಲ್ಲ, ಏಕೆಂದರೆ ಅದರಲ್ಲಿ ‘200ಕ್ಕಿಂತ ಕಡಿಮೆ ಇರಬೇಕು’ ಎಂದಷ್ಟೇ ಅಚ್ಚಾಗಿರುತ್ತದೆ.

ಚಿಕಿತ್ಸೆಯೇ ಲಿಪಿಡ್ ಏರಿಸುವ ಸಂದರ್ಭಗಳೂ ಇವೆ. ಸ್ತನ ಕ್ಯಾನ್ಸರ್‌ಗೆ ವರ್ಷಗಟ್ಟಲೆ ನುಂಗುವ ಟಮಾಕ್ಸಿಫೆನ್ ಎಲ್‌ಡಿಎಲ್ ಇಳಿಸುತ್ತದೆ, ಆದರೆ ಕೆಲವರಲ್ಲಿ ಟ್ರೈಗ್ಲಿಸರೈಡ್ ಏರಿಸುತ್ತದೆ, ಅಪರೂಪಕ್ಕೆ ಪ್ಯಾಂಕ್ರಿಯಾಸ್ ಊದುವ ಮಟ್ಟಕ್ಕೆ. ರಕ್ತ ಕ್ಯಾನ್ಸರ್ ಇರುವ ಮಕ್ಕಳಿಗೆ ಆಸ್ಪರಾಜಿನೇಸ್ ಮತ್ತು ಸ್ಟೀರಾಯ್ಡ್ ಒಟ್ಟಿಗೆ ಕೊಟ್ಟಾಗ ಸೀರಮ್ ಹಾಲಿನಂತೆ ಬೆಳ್ಳಗಾಗಿ ಬಂದದ್ದನ್ನು ನಮ್ಮ ಬೆಂಚಿನವರು ನೋಡಿದ್ದಾರೆ. ಟ್ರೈಗ್ಲಿಸರೈಡ್ 400 ದಾಟಿದರೆ ಫ್ರೀಡ್‌ವಾಲ್ಡ್ ಸೂತ್ರದಿಂದ ಲೆಕ್ಕ ಹಾಕಿದ ಎಲ್‌ಡಿಎಲ್ ನಂಬುವಂತಿಲ್ಲ ಎಂಬ ಸಣ್ಣ ಸಂಗತಿಯೂ ಎಷ್ಟೋ ಮಾಸ್ಟರ್ ಚಾರ್ಟ್‌ಗಳಲ್ಲಿ ಮರೆತುಹೋಗಿರುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಹಾರ್ಮೋನ್ ಇಳಿಸುವ ಚುಚ್ಚುಮದ್ದು ಪಡೆಯುವ ಹಿರಿಯರ ಲಿಪಿಡ್ ಏರುತ್ತದೆ. ಕ್ಯಾನ್ಸರ್ ಹಿಡಿತಕ್ಕೆ ಬಂದ ಮೇಲೂ ಅವರ ಹೃದಯದ ಚಿಂತೆ ಉಳಿದಿರುತ್ತದೆ. ಇವರನ್ನೆಲ್ಲ ಚಿಕಿತ್ಸೆಗೆ ಮೊದಲು, ಮೂರು ತಿಂಗಳಿಗೆ, ವರ್ಷಕ್ಕೆ ಒಮ್ಮೆ ನೋಡುವುದು ಪಿಜಿಯ ಅವಧಿಯೊಳಗೇ ಆಗುವ ಕೆಲಸ.

ಇನ್ನೊಂದು ಪ್ರಶ್ನೆ, ಅಪ್ಪಟ ಬಯೋಕೆಮಿಸ್ಟ್ರಿಯದು, ನನಗೆ ಇದರಲ್ಲೇ ಹೆಚ್ಚು ಆಸೆ. ನಾವು ಕೊಲೆಸ್ಟರಾಲ್, ಟ್ರೈಗ್ಲಿಸರೈಡ್ ಅಳೆಯುವ ಕಿಟ್‌ಗಳಲ್ಲಿ ಕೊನೆಗೆ ಹುಟ್ಟುವುದು ಹೈಡ್ರೋಜನ್ ಪೆರಾಕ್ಸೈಡ್. ಪೆರಾಕ್ಸಿಡೇಸ್ ಅದನ್ನು ಬಳಸಿ ಬಣ್ಣ ತರಿಸುತ್ತದೆ. ರೋಗಿಯ ರಕ್ತದಲ್ಲಿ ವಿಟಮಿನ್ ಸಿ ಜಾಸ್ತಿ ಇದ್ದರೆ, ಅದರಲ್ಲೂ ಡ್ರಿಪ್‌ನಲ್ಲಿ ದೊಡ್ಡ ಡೋಸ್ ಹಾಕಿಸಿಕೊಂಡು ಬಂದಿದ್ದರೆ, ಆ ಬಣ್ಣವೇ ಸರಿಯಾಗಿ ಬರುವುದಿಲ್ಲ. ಯಂತ್ರ ಕಡಿಮೆ ಸಂಖ್ಯೆ ತೋರಿಸುತ್ತದೆ. ಕ್ಯಾನ್ಸರ್ ರೋಗಿಗಳಲ್ಲಿ ‘ಇಳಿದ’ ಕೊಲೆಸ್ಟರಾಲ್‌ನಲ್ಲಿ ಇಂಥ ಡ್ರಿಪ್‌ಗಳ ಪಾಲೂ ಇದೆಯೇ? ಯಾರು ಏನೇನು ತೆಗೆದುಕೊಳ್ಳುತ್ತಿದ್ದಾರೆ, ಡಾಕ್ಟರಿಗೆ ಹೇಳದೆ ಮುಚ್ಚಿಟ್ಟಿರುವುದು ಏನು ಎಂದು ಪಕ್ಕ ಕೂತು ಕೇಳಿದರೆ ಸಾಕು, ಅದೇ ಒಂದು ಥೀಸಿಸ್.

ಪಿಜಿಗಳ ಕಷ್ಟ ನನಗೆ ಗೊತ್ತು. ಮೂರು ವರ್ಷ, ಅದರಲ್ಲಿ ಡ್ಯೂಟಿ, ಸೆಮಿನಾರು, ಪರೀಕ್ಷೆ. ಕಿಟ್‌ಗೆ ಎಷ್ಟೋ ಸಲ ಸ್ವಂತ ಜೇಬಿನ ಹಣ. ಥೀಸಿಸ್ ಎಂದರೆ ಕಲಿಕೆ, ನೊಬೆಲ್ ಅಲ್ಲ ಎಂದು ಒಬ್ಬ ಗೈಡ್ ನನಗೆ ನಗುತ್ತ ಹೇಳಿದ್ದರು. ಕಲಿಕೆಗೆ ನನ್ನ ವಿರೋಧವಿಲ್ಲ. ಟ್ಯೂಬ್ ಕುದಿಸಲು ಕಲಿಯಬೇಕಾದರೆ ದಿನದ ಕೊನೆಗೆ ಚೆಲ್ಲುವ ಉಳಿಕೆ ಸೀರಮ್ ಬೇಕಾದಷ್ಟಿದೆ, ಅದರಲ್ಲಿ ಕಲಿಯಲಿ. ನೋವಿನಲ್ಲಿರುವ ಒಬ್ಬ ಮನುಷ್ಯನ ಕೈಗೆ ಸೂಜಿ ಚುಚ್ಚುವಾಗ ಮಾತ್ರ, ಅದರಿಂದ ಅವನಿಗೋ ಅವನ ನಂತರ ಆ ಮಂಚಕ್ಕೆ ಬರುವವನಿಗೋ ಏನು ದಕ್ಕುತ್ತದೆ ಎಂಬುದಕ್ಕೆ ಉತ್ತರ ಸಿದ್ಧವಿರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ನಿಮ್ಮೆಲ್ಲರ ಕಪಾಟಿನಲ್ಲಿದೆ. ಸಂಶೋಧನೆಗೆ ವೈಜ್ಞಾನಿಕ ತಿರುಳು, ಸಾಮಾಜಿಕ ಮೌಲ್ಯ ಇರಬೇಕು ಎಂದು ಅದು ಹೇಳುತ್ತದೆ. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ರೋಗಿ ‘ರಿಪೋರ್ಟ್ ಯಾವಾಗ ಕೊಡ್ತೀರಿ?’ ಎಂದು ಕೇಳುತ್ತಾರೆ. ಅದು ಅವರಿಗೆ ಕೊಡುವ ರಿಪೋರ್ಟ್ ಅಲ್ಲ ಎಂದು ಹೇಳುವ ಕೆಲಸ ನಮ್ಮ ಕೌಂಟರಿನವರ ಪಾಲಿಗೆ ಬರುತ್ತದೆ.

ನಿಮ್ಮ ಅರ್ಜಿ ನಮೂನೆಯಲ್ಲಿ ಒಂದೆರಡು ಸಾಲು ಸೇರಿಸಿದರೆ ಬಹಳಷ್ಟು ಬದಲಾಗುತ್ತದೆ. ಇದೇ ಪ್ರಶ್ನೆಯ ಥೀಸಿಸ್ ನಿಮ್ಮ ಲೈಬ್ರರಿಯಲ್ಲಿ ಈಗಾಗಲೇ ಎಷ್ಟಿವೆ ಎಂದು ಅರ್ಜಿದಾರರೇ ಎಣಿಸಿ ಬರೆಯಲಿ. ಕಂಟ್ರೋಲ್‌ಗಳು ಯಾರು, ಅವರ ತಂಬಾಕು, ಅಡಿಕೆ, ಊಟದ ವಿವರ ಏನು ಎಂದು ಬರೆಯಲಿ. ಸ್ಯಾಂಪಲ್ ಯಾವ ಫ್ರೀಜರ್‌ನಲ್ಲಿ, ಎಷ್ಟು ದಿನ ಎಂದು ಲ್ಯಾಬಿನವರ ಸಹಿ ಇರಲಿ. ನಾವು ಸುಳ್ಳು ಹೇಳುವುದಿಲ್ಲ. ಪೂರಕ ಮಾತ್ರೆಗಳ ಶಿಫಾರಸನ್ನು ಅಂಥ ಮಾತ್ರೆ ಕೊಟ್ಟು ನೋಡದ ಯಾವ ಥೀಸಿಸ್‌ನಲ್ಲೂ ಬಿಡಬೇಡಿ. ಮತ್ತು ಕಮಿಟಿಯಲ್ಲಿರುವ ವೈದ್ಯರಲ್ಲದ ಸದಸ್ಯರು, ವಕೀಲರು, ಮೇಷ್ಟ್ರು, ಸಮಾಜ ಸೇವಕರು, ದಯವಿಟ್ಟು ಸುಮ್ಮನೆ ಕೂರಬೇಡಿ. ‘ಇದರಿಂದ ರೋಗಿಗೆ ಏನಮ್ಮ ಉಪಯೋಗ?’ ಎಂದು ಪಿಜಿಯನ್ನು ಕೇಳಲು ಎಂಡಿಎ ಎಂದರೇನು ಎಂದು ಗೊತ್ತಿರಬೇಕಾಗಿಲ್ಲ.

ರಿಪೋರ್ಟಿನ ವಿಷಯದಲ್ಲಿ ನಮ್ಮ ಲ್ಯಾಬುಗಳೂ ಮಾಡಬೇಕಾದ್ದಿದೆ. ಕ್ಯಾನ್ಸರ್ ವಾರ್ಡಿನಿಂದ ಬಂದ ಸ್ಯಾಂಪಲ್‌ನಲ್ಲಿ ಕೊಲೆಸ್ಟರಾಲ್ 140ಕ್ಕಿಂತ ಕಡಿಮೆ ಇದ್ದರೆ ‘ಪೋಷಣೆ ಪರಿಶೀಲಿಸಿ’ ಎಂಬ ಷರಾ ಬರುವಂತೆ ಮಾಡಲು ಸಾಫ್ಟ್‌ವೇರಿನಲ್ಲಿ ಸಣ್ಣ ಬದಲಾವಣೆ ಸಾಕು. ನಮ್ಮಲ್ಲಿ ಇದಕ್ಕೆ ಬರೆದುಕೊಟ್ಟಿದ್ದೇನೆ, ವೈದ್ಯರ ಒಪ್ಪಿಗೆಗೆ ಕಾಯುತ್ತಿದ್ದೇವೆ. ನಿಮ್ಮ ಕಾಲೇಜಿನಲ್ಲಿ ಯಾರಾದರೂ ಆಗಲೇ ಇದನ್ನು ಮಾಡಿದ್ದರೆ, ಷರಾದ ಮಾತುಗಳನ್ನು ಕಳಿಸಿಕೊಡಿ, ನಾವೂ ಅದನ್ನೇ ಹಾಕಿಕೊಳ್ಳುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಆಸ್ಪತ್ರೆ ಲ್ಯಾಬಿನ ಒಬ್ಬ ಬಯೋಕೆಮಿಸ್ಟ್